ನೀಲಿ ಕ್ಯಾನಿಗೊಂದು ಹೆಸರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸಿಡ್, ಕಾಸ್ಟಿಕ್ ಮಾರುವ ಡಿಪೋದ ಹಿಂಭಾಗದಲ್ಲಿ, ತಗಡಿನ ಮಾಡಿನ ಕೆಳಗೆ, ತೊಳೆದಿಟ್ಟ ಪ್ಲಾಸ್ಟಿಕ್ ಕ್ಯಾನುಗಳು ಸಾಲಾಗಿ ಬೋರಲು ಬಿದ್ದಿವೆ. ಅವುಗಳ ನಡುವೆ ಗಿಡ್ಡ ಮಣೆಯೊಂದನ್ನು ಹಾಕಿಕೊಂಡು ಹೆಂಗಸೊಬ್ಬರು ಕುಳಿತಿದ್ದಾರೆ. ಒಂದು ಕ್ಯಾನನ್ನು ಮೊಣಕಾಲಿಗೆ ಒರಗಿಸಿಕೊಳ್ಳುತ್ತಾರೆ, ಅದರ ಮಗ್ಗುಲನ್ನು ಸ್ಯಾಂಡ್‌ಪೇಪರಿನಿಂದ ಅಂಗೈಯಗಲ ಉಜ್ಜುತ್ತಾರೆ, ಸೆರಗಿನ ತುದಿಯಿಂದ ಪುಡಿ ಒರೆಸುತ್ತಾರೆ. ಆಮೇಲೆ ಕೂದಲು ಮೋಟು ಮಾಡಿದ ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿ ಹಿಡಿದು ಬರೆಯತೊಡಗುತ್ತಾರೆ: ಸಲ್ಫ್ಯೂರಿಕ್ ಆಮ್ಲ. ಅದರ ಕೆಳಗೆ H₂SO₄. ಎರಡು ಮತ್ತು ನಾಲ್ಕು ಕೆಳಗೆ ಇಳಿದು, ಚಿಕ್ಕದಾಗಿ, ಆದರೆ ದಪ್ಪಗೆ.

ಬರೆದಾದ ಮೇಲೆ ಎದ್ದು ಹತ್ತು ಹೆಜ್ಜೆ ಹಿಂದೆ ಹೋಗುತ್ತಾರೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕ್ಯಾನನ್ನು ದಿಟ್ಟಿಸುತ್ತಾರೆ. ಒಂದು ಅಕ್ಷರ ತೆಳ್ಳಗೆ ಕಂಡರೆ ವಾಪಸ್ಸು ಬಂದು ದಪ್ಪ ಮಾಡುತ್ತಾರೆ. ಬೋರ್ಡು ಬರೆಯುವವರ ಅಭ್ಯಾಸ ಇರಬೇಕು ಅಂದುಕೊಂಡು, ಪತ್ರಿಕೆಗೆ ಬರೆಯಲು ಬಂದ ನಾನು ಮೊದಲ ದಿನ ಕೇಳಲಿಲ್ಲ. ಕಾರಣ ಗೊತ್ತಾದ ಮೇಲೆ ಆ ಅಂಗೈಯನ್ನು ನೋಡುವುದೇ ಕಷ್ಟವಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಓಣಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಹೆಸರಕ್ಕ ಎಂದು. ಸಂಬಳ ಬರುವುದು ಕ್ಯಾನು ತೊಳೆಯುವುದಕ್ಕೆ. ಹೆಸರು ಬರೆಯುವುದು ಅವರೇ ಮೈಮೇಲೆ ಎಳೆದುಕೊಂಡ ಕೆಲಸ. ಲೋಡು ಹೊರುವ ಹಿರಿಯರೊಬ್ಬರು ಬೀಡಿ ಹಚ್ಚುತ್ತ ಕಾಲೆಳೆಯುತ್ತಾರೆ: "ಅತ್ತೆಗೆ ಹೆಸರಿಡೋ ಸೊಸೇನ ನೋಡಿದೀನಿ, ಸೊಸೆಗೆ ಹೆಸರಿಡೋ ಅತ್ತೇನ ನೋಡಿದೀನಿ. ಆಸಿಡ್‌ಗೆ ಹೆಸರಿಡೋಳು ಮಾತ್ರ ನಮ್ಮ ಓಣೀಲಿ ಇವಳೊಬ್ಬಳೇ." ಹೆಸರಕ್ಕ ತಲೆ ಎತ್ತದೆ ಉತ್ತರಿಸುತ್ತಾರೆ: "ಬೀಡಿ ಆಚೆ ಒಗೀರಿ ಅಣ್ಣ. ಥಿನ್ನರ್ ಡಬ್ಬಿ ಬಾಯಿ ತೆಗೆದಿದೆ. ಆಮೇಲೆ ನಿಮಗೆ ಹೆಸರಿಡೋಕೆ ನೀವೇ ಇರಲ್ಲ."

ಈ ಓಣಿಯ ಬಗ್ಗೆ ಸ್ವಲ್ಪ ಹೇಳಬೇಕು. ಎರಡೂ ಬದಿಗೆ ಪ್ಲೇಟಿಂಗ್ ಶೆಡ್ಡುಗಳು. ಬೋಲ್ಟು, ಬಾಗಿಲ ಕೀಲು, ಬಕೆಟ್ಟಿನ ಹಿಡಿಕೆಗಳಿಗೆ ಬೆಳ್ಳಿಯಂಥ ಹೊಳಪು ಬರುವುದು ಇಲ್ಲಿಯೇ. ಕಬ್ಬಿಣದ ಸಾಮಾನನ್ನು ತಂತಿಗೆ ಕಟ್ಟಿ, ಮೊದಲು ಜಿಡ್ಡು ಬಿಡಿಸಲು ಕಾಯಿಸಿದ ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಅದ್ದುತ್ತಾರೆ. ಆಮೇಲೆ ನೀರಿನ ತೊಟ್ಟಿ. ಆಮೇಲೆ ತುಕ್ಕು ತಿನ್ನುವ ಆಸಿಡ್ ತೊಟ್ಟಿ. ಕಟ್ಟುವವರು, ಅದ್ದುವವರು, ತೊಟ್ಟಿಯ ಮಟ್ಟ ಇಳಿದಾಗ ಕ್ಯಾನೆತ್ತಿ ಸುರಿಯುವವರು ಬಹುತೇಕ ಹೆಂಗಸರು. ನಮ್ಮ ನಿಮ್ಮ ಮನೆಯ ಬಾಗಿಲಿನ ಚಿಲಕ ಹೊಳೆಯುತ್ತಿದ್ದರೆ, ಅದರ ಹಿಂದೆ ಯಾರದ್ದೋ ಕೆಮ್ಮು ಇದೆ, ಯಾರದ್ದೋ ಬಿರುಕು ಬಿಟ್ಟ ಬೆರಳಿದೆ. ಚಿಲಕ ಹಾಕಿಕೊಂಡು ನಾವು ಸುಖವಾಗಿ ಮಲಗುತ್ತೇವೆ.

ಈ ಕ್ಯಾನುಗಳ ಮೇಲೆ ಹೆಸರು ಇರಬೇಕು ಎಂದು ನಿಯಮವಿದೆ. ಎಲ್ಲ ಕಡೆಯೂ ಇದೆ. ಆದರೆ ಹೆಸರಕ್ಕ ಬ್ರಷ್ ಹಿಡಿಯುವವರೆಗೂ ಓಣಿಯ ಒಂದೇ ಒಂದು ಕ್ಯಾನಿನ ಮೇಲೂ ಒಂದಕ್ಷರ ಇರಲಿಲ್ಲ. ಕೆಲಸದವರು ಕ್ಯಾನು ಗುರುತಿಸುತ್ತಿದ್ದದ್ದು ಬಣ್ಣದಿಂದ. ಬಣ್ಣವಾದರೂ ಎಲ್ಲ ಶೆಡ್ಡಿನಲ್ಲಿ ಒಂದೇ ಇತ್ತೇ ಎಂದರೆ, ಅದೂ ಇಲ್ಲ. ಈ ಶೆಡ್ಡಿನಲ್ಲಿ ನೀಲಿ ಕ್ಯಾನು ಅಂದರೆ ಕಾಸ್ಟಿಕ್, ಗೋಡೆಯಾಚೆಯ ಶೆಡ್ಡಿನಲ್ಲಿ ನೀಲಿ ಕ್ಯಾನು ಅಂದರೆ ಆಸಿಡ್. ಸಿಕ್ಕಿದ ಕ್ಯಾನಿಗೆ ಸಿಕ್ಕಿದ್ದನ್ನು ತುಂಬುವುದು, ಹೊಸಬರಿಗೆ ಬೆರಳು ತೋರಿಸಿ ಕಲಿಸುವುದು. ಅಷ್ಟೇ ತರಬೇತಿ.

ಮಾಲೀಕರನ್ನು ಕೇಳಿದರೆ ಒಬ್ಬರೂ ಇದನ್ನು ಮರೆವು ಅನ್ನುವುದಿಲ್ಲ. ಒಬ್ಬರು ಟೀ ಕೊಟ್ಟು, ಕುರ್ಚಿ ಹಾಕಿ, ನನಗೆ ಬುದ್ಧಿ ಹೇಳುವಂತೆ ಹೇಳಿದರು: "ಹೆಸರು ಬರೆದ್ರೆ ಪ್ರಶ್ನೆ ಶುರುವಾಗತ್ತೆ. ಆಸಿಡ್ ಅಂತ ಬರೆದಿದೆಯಲ್ಲ, ಕೈಗವಸು ಎಲ್ಲಿ? ಕಣ್ಣು ತೊಳೆಯೋ ನಲ್ಲಿ ಎಲ್ಲಿ? ಗಾಳಿ ಎಳೆಯೋ ಫ್ಯಾನ್ ಎಲ್ಲಿ? ಬರೀದೇ ಇದ್ರೆ ಅದು ಬರೀ ಕ್ಯಾನು." ಹೆಸರಿಲ್ಲದಿದ್ದರೆ ಅದರೊಳಗಿನದು ಸುಡುವುದಿಲ್ಲ ಎನ್ನುವ ಈ ತರ್ಕವನ್ನು ಅವರು ನಗುತ್ತಲೇ ಹೇಳಿದರು. ತಪಾಸಣೆಗೆ ಬರುವವರೂ ಏನು ಕಡಿಮೆಯಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರು ಗೋಡೆಯಲ್ಲಿ ತೂಗುತ್ತಿದೆಯೇ ಎಂದು ನೋಡಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎರಡು ಮಾತಾಡಿ, ಕಾರು ಹತ್ತಿ ಹೋಗುತ್ತಾರೆ.

ಹೆಸರಕ್ಕನ ತಂಗಿ ತಂತಿ ಕಟ್ಟುವುದರಲ್ಲಿ ಓಣಿಗೇ ಹೆಸರಾದವರು. ಎರಡು ವರ್ಷದ ಹಿಂದೆ ಅವರು ಕೆಲಸ ಮಾಡುತ್ತಿದ್ದ ಶೆಡ್ಡು ಮುಚ್ಚಿತು. ಓಣಿಯ ತುದಿಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಶೆಡ್ಡಿಗೆ ಸೇರಿಕೊಂಡರು. ಹಳೆಯ ಶೆಡ್ಡಿನಲ್ಲಿ ನೀಲಿ ಕ್ಯಾನಿನಲ್ಲಿ ಕಾಸ್ಟಿಕ್ ಇರುತ್ತಿತ್ತು. ಹೊಸ ಶೆಡ್ಡಿನ ನೀಲಿ ಕ್ಯಾನಿನಲ್ಲಿ ಇದ್ದದ್ದು ಹೈಡ್ರೋಕ್ಲೋರಿಕ್ ಆಮ್ಲ. ಕಾಸ್ಟಿಕ್ ತೊಟ್ಟಿಯ ಮಟ್ಟ ಇಳಿದಿತ್ತು. ಯಾವುದು ಹಾಕಲಿ ಎಂದು ಕೇಳಿದರು. ಸೂಪರ್‌ವೈಸರ್ ಫೋನಿನಲ್ಲಿ ಮಾತಾಡುತ್ತಲೇ, "ಯಾವಾಗಲೂ ಹಾಕೋದೇ" ಎಂದ. ಅವರು ಯಾವಾಗಲೂ ಹಾಕುತ್ತಿದ್ದ ನೀಲಿ ಕ್ಯಾನನ್ನು ಎತ್ತಿ, ಕುದಿ ಬರುವಷ್ಟು ಕಾದಿದ್ದ ಕಾಸ್ಟಿಕ್ ತೊಟ್ಟಿಗೆ ಸುರಿದರು.

ಆಮ್ಲವೂ ಪ್ರತ್ಯಾಮ್ಲವೂ ಸೇರಿದರೆ ಉಪ್ಪು ಮತ್ತು ನೀರು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದು ಸೇರುವಾಗ ಎಷ್ಟು ಶಾಖ ಹೊಮ್ಮುತ್ತದೆ ಎಂಬುದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿತ್ತು. ತೊಟ್ಟಿ ಒಮ್ಮೆಲೇ ಉಕ್ಕಿ ಸಿಡಿಯಿತು. ತೊಟ್ಟಿಯೊಳಗಿದ್ದ ಬಿಸಿ ಕಾಸ್ಟಿಕ್ ತಂಗಿಯ ಮುಖಕ್ಕೆ ರಾಚಿತು.

ಡಿಪೋದಿಂದ ಓಡಿಹೋಗಿ ತಂಗಿಯನ್ನು ಎತ್ತಿಕೊಂಡವರು ಹೆಸರಕ್ಕನೇ. ಮುಂದಿನದನ್ನು ಅವರ ಬಾಯಲ್ಲೇ ಕೇಳಿ. "ಮೂಲೆ ಕ್ಲಿನಿಕ್ಕಿಗೆ ಹೊತ್ಕೊಂಡು ಹೋದ್ವಿ. ಡಾಕ್ಟ್ರು ನೀರು ಹಾಕ್ತಾನೇ ಕೇಳಿದ್ರು, ಏನು ಬಿದ್ದಿದ್ದು ಅಂತ. ನೀಲಿ ಕ್ಯಾನು ಅಂದೆ. ಅವರು ಬೈದ್ರು. ಕ್ಯಾನಲ್ಲಮ್ಮ, ಒಳಗೆ ಏನಿತ್ತು? ಆಸಿಡ್ಡು ಅಂದುಬಿಟ್ಟೆ. ನಮ್ಮ ಓಣೀಲಿ ಸುಡೋದನ್ನೆಲ್ಲ ಆಸಿಡ್ಡು ಅಂತಾನೇ ಅನ್ನೋದು ಸಾರ್. ಕಾಸ್ಟಿಕ್‌ಗೂ ಆಸಿಡ್ಡೇ, ಬ್ಲೀಚಿಗೂ ಆಸಿಡ್ಡೇ. ಅವರು ಇನ್ನಷ್ಟು ತೊಳೆದು, ಪಟ್ಟಿ ಕಟ್ಟಿ, ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು. ದಾರೀಲಿ ಯಾರೂ ತೊಳೀಲಿಲ್ಲ."

ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಒಂದು ಚೂರು ಬಣ್ಣದ ಕಾಗದವನ್ನು ರೆಪ್ಪೆಯ ಒಳಗೆ ತಾಗಿಸಿ ನೋಡಿದರು. ಅದು ಕಡು ನೀಲಿಗೆ ತಿರುಗಿತು. ಕಣ್ಣಲ್ಲಿ ಕಾಸ್ಟಿಕ್ ಇನ್ನೂ ಇತ್ತು, ಇನ್ನೂ ಒಳಕ್ಕೆ ಇಳಿಯುತ್ತಿತ್ತು. ಆಸಿಡ್ಡಿಗೂ ಕಾಸ್ಟಿಕ್ಕಿಗೂ ಮೊದಲ ಮದ್ದು ನೀರೇ. ಆದರೆ ಕಾಸ್ಟಿಕ್ ಎಂದು ಗೊತ್ತಾಗಿದ್ದರೆ ನೀರು ಬಿಡುವುದನ್ನು ಯಾರೂ ನಿಲ್ಲಿಸುತ್ತಿರಲಿಲ್ಲ, ಅದು ಬಿಡದೆ ಆಳಕ್ಕೆ ಕೊರೆಯುತ್ತದೆ ಎಂದು ಆ ಡಾಕ್ಟರು ವಿವರಿಸಿದರಂತೆ. ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು.

ಹೆಸರಕ್ಕ ಎಡಗಣ್ಣು ಮುಚ್ಚಿಕೊಂಡು ಹಿಂದೆ ನಿಂತು ನೋಡುವುದು ಇದಕ್ಕೆ. "ಅವಳಿಗೆ ಕಾಣಬೇಕಲ್ಲ ಸಾರ್. ಹಬೆ ಇರತ್ತೆ, ಬೆಳಕು ಕಮ್ಮಿ, ಒಂದೇ ಕಣ್ಣು. ಅವಳಿಗೆ ಕಂಡ್ರೆ ಎಲ್ರಿಗೂ ಕಾಣತ್ತೆ."

ಶೆಡ್ಡಿನ ಧಣಿ ಏನು ಮಾಡಿದರು ಎಂದು ನೀವು ಕೇಳಬಹುದು. 'ಕೆಲಸದವಳ ನಿರ್ಲಕ್ಷ್ಯ' ಎಂದು ಕೈ ತೊಳೆದುಕೊಂಡರು. ಹೌದು, ನಿರ್ಲಕ್ಷ್ಯ. ಮೈಯೆಲ್ಲ ಕಣ್ಣಾಗಿ ನೋಡಿದ್ದರೂ ಓದಲು ಆ ಕ್ಯಾನಿನ ಮೇಲೆ ಏನಿತ್ತು? ಬರೆಯದೇ ಇದ್ದದ್ದನ್ನು ಓದದೇ ಹೋದದ್ದು ಅವಳ ತಪ್ಪಂತೆ. ಈ ಮಾತನ್ನು ನಾನು ಎಷ್ಟು ಸಲ ಬರೆದರೂ ಪೆನ್ನು ಕಾಗದವನ್ನು ಹರಿಯುತ್ತದೆ.

ತಂಗಿ ಆಸ್ಪತ್ರೆಯಲ್ಲಿದ್ದಾಗಲೇ ಹೆಸರಕ್ಕ ಒಂದು ತೀರ್ಮಾನಕ್ಕೆ ಬಂದರು: ಇನ್ನು ಮುಂದೆ ತನ್ನ ಕೈಯಿಂದ ಹೆಸರಿಲ್ಲದ ಕ್ಯಾನು ಆಚೆ ಹೋಗಬಾರದು. ಆದರೆ ಏನೆಂದು ಬರೆಯುವುದು? ಓದಿದ್ದು ಏಳನೇ ತರಗತಿ. ಓಣಿಯ ಬಾಯಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ದಿನವೂ ಪೇಪರು ಓದುತ್ತ ಕೂರುವ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರಿದ್ದಾರೆ. ಅವರ ಎದುರು ಹೋಗಿ ನಿಂತರು. "ಆಸಿಡ್ಡಿಗೆ ಹೆಸರು ಬರೆಯೋದು ಕಲಿಸಿ" ಎಂದರು. ನಲವತ್ತು ದಾಟಿದ ಶಿಷ್ಯೆ ಸಿಕ್ಕಿದ್ದಕ್ಕೆ ಮೇಷ್ಟ್ರು ಪೇಪರು ಮಡಚಿಟ್ಟವರು ಆ ವರ್ಷ ಮತ್ತೆ ಬಿಚ್ಚಲಿಲ್ಲ ಎಂದು ಟೀ ಅಂಗಡಿಯವನು ನಗುತ್ತಾನೆ.

ಪಾಠ ನಡೆದದ್ದು ಬೆಂಚಿನ ಮೇಲೆ, ಒದ್ದೆ ಬೆರಳಿನಲ್ಲಿ. ಮೇಷ್ಟ್ರು ನನಗೂ ಅದನ್ನು ಒಮ್ಮೆ ಮಾಡಿ ತೋರಿಸಿದರು. "ಸೂತ್ರ ಅಂದ್ರೆ ಏನು ತಾಯಿ? ಆ ಮನೇಲಿ ಯಾರು ಯಾರು ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕ. ಸಲ್ಫ್ಯೂರಿಕ್ ಮನೇಲಿ ಹೈಡ್ರೋಜನ್ ಇಬ್ಬರು, ಗಂಧಕ ಒಬ್ಬ, ಆಕ್ಸಿಜನ್ ನಾಲ್ವರು. ಆಕ್ಸಿಜನ್ ಒಬ್ಬ ಮನೆಬಿಟ್ಟು ಹೋದ ಅನ್ನು, ಮೂರೇ ಉಳೀತು. ಆಗ ಮನೆ ಹೆಸರೇ ಬದಲು, ಸಲ್ಫ್ಯೂರಸ್. ಆಕ್ಸಿಜನ್ನೇ ಇಲ್ಲದ ಮನೆ ಆದ್ರೆ ಹೆಸರಿನ ಮುಂದೆ ಹೈಡ್ರೋ ಅಂತ ಬರತ್ತೆ. ಹೈಡ್ರೋಕ್ಲೋರಿಕ್, ನೋಡು, ಹೈಡ್ರೋಜನ್ ಒಬ್ಬ, ಕ್ಲೋರಿನ್ ಒಬ್ಬ. ಗಂಡ ಹೆಂಡತಿ ಇಬ್ಬರೇ."

ಆಮ್ಲದ ಮನೆಯಲ್ಲಿ H, ಅಂದರೆ ಹೈಡ್ರೋಜನ್, ಬಾಗಿಲಲ್ಲೇ ನಿಂತಿರುತ್ತಾನೆ. ಪ್ರತ್ಯಾಮ್ಲದ ಮನೆಯಲ್ಲಿ ಲೋಹದವನು ಮುಂದೆ, OH ಹಿಂದೆ. ಸೋಡಿಯಂ ಮುಂದಿದ್ದರೆ ಸೋಡಿಯಂ ಹೈಡ್ರಾಕ್ಸೈಡ್, ಅದೇ ಓಣಿಯ ಕಾಸ್ಟಿಕ್. ಇಷ್ಟು ಹೇಳಿದಾಗ ಹೆಸರಕ್ಕ ಕೇಳಿದರಂತೆ: "ನೀರಿನ ಮನೇಲೂ H ಮುಂದೇನೇ ಇದಾನಲ್ಲ ಮೇಷ್ಟ್ರೇ, ಮತ್ತೆ ನೀರು ಯಾಕೆ ಸುಡಲ್ಲ?" ಮೇಷ್ಟ್ರು ಎದ್ದು ನಿಂತು ಇನ್ನೊಂದು ಟೀ ಹೇಳಿದರು. ಉತ್ತರಕ್ಕೆ ಎರಡು ದಿನ ಹಿಡಿಯಿತು.

ಎಲ್ಲವೂ ಸಲೀಸಾಗಿ ಬಂತು ಎಂದು ತಿಳಿಯಬೇಡಿ. ಸುಣ್ಣದ ತಿಳಿಯ ಕ್ಯಾನಿಗೆ CaOH₂ ಎಂದು ಬರೆದು, ಹೊಗಳಿಕೆ ನಿರೀಕ್ಷಿಸಿ ಮೇಷ್ಟ್ರನ್ನು ಕರೆದುಕೊಂಡು ಬಂದಿದ್ದರು. ಅವರು ಕೋಲಿನಿಂದ ಕ್ಯಾನಿಗೆ ಬಡಿದು, "ಆವರಣ ಚಿಹ್ನೆ ಎಲ್ಲಿ? ಎರಡು ಇರೋದು OH ಜೋಡಿಗೆ. ಹೀಗೆ ಬರೆದ್ರೆ ಆಕ್ಸಿಜನ್ ಒಬ್ಬನೇ ಅಂತ ಆಗತ್ತೆ" ಎಂದು ಗದರಿದರು. ಹೆಸರಕ್ಕ ಆ ದಿನದ ಕ್ಯಾನುಗಳನ್ನೆಲ್ಲ ಥಿನ್ನರಿನಲ್ಲಿ ಒರೆಸಿ Ca(OH)₂ ಎಂದು ತಿದ್ದಿದರು. ಇನ್ನೊಮ್ಮೆ HCl ನ ಕೊನೆಯ ಅಕ್ಷರವನ್ನೂ ದೊಡ್ಡದಾಗಿ, HCL ಎಂದು ಬರೆದು ಬೈಸಿಕೊಂಡರು. "ಬೈಗುಳ ತಿಂದದ್ದು ಮರೆಯಲ್ಲ ಸಾರ್, ಪಾಠ ಮರೆಯತ್ತೆ. ಅದಕ್ಕೇ ಮೇಷ್ಟ್ರು ಎರಡನ್ನೂ ಸೇರಿಸಿಕೊಡ್ತಾರೆ" ಎನ್ನುತ್ತಾರೆ ಹೆಸರಕ್ಕ.

ಮೊದಮೊದಲು ಬರೀ ಸೂತ್ರ ಬರೆಯುತ್ತಿದ್ದರು. ಶೆಡ್ಡಿನ ಹೆಂಗಸರಿಗೆ ಅದು ಇರುವೆ ಸಾಲಿನಂತೆ ಕಂಡಿತು. ಆಮೇಲೆ ಬರೀ ಹೆಸರು ಬರೆದರು. ಆಗ ತಂಗಿಯೇ ಮಂಚದಿಂದ ಹೇಳಿದರಂತೆ, ಎರಡೂ ಬರಿ ಅಕ್ಕ ಎಂದು. ಈಗ ಮೇಲೆ ನಮ್ಮ ಅಕ್ಷರದಲ್ಲಿ ಹೆಸರು, ಕೆಳಗೆ ಸೂತ್ರ. "ಹೆಸರು ಎತ್ತೋಳಿಗೆ, ಸೂತ್ರ ಡಾಕ್ಟ್ರಿಗೆ. ನನ್ನ ಥರ ಇನ್ನೊಬ್ಬಳು ಹೋಗಿ ನೀಲಿ ಕ್ಯಾನು ಅನ್ನಬಾರದು" ಎನ್ನುವಾಗ ಅವರ ದನಿ ಏರುವುದಿಲ್ಲ. ನನಗೆ ಸಿಟ್ಟು ಬರುವುದು ಆ ಏರದ ದನಿಗೇ. ಏರಿಸಬೇಕಾದವರು ಎಷ್ಟು ಜನ ಸುಮ್ಮನಿದ್ದಾರೆ!

ಬರೆಯುವುದರಲ್ಲೂ ಒಂದು ಕ್ರಮವಿದೆ. ಕ್ಯಾನಿನ ಬಾಯಿ ಇರುವ ಮಗ್ಗುಲಲ್ಲಿ ಬರೆಯುವಂತಿಲ್ಲ; ಸುರಿದಾಗ ತೊಟ್ಟಿಕ್ಕಿದ್ದು ಅದೇ ಹಾದಿಯಲ್ಲಿ ಇಳಿದು ಅಕ್ಷರವನ್ನು ತಿನ್ನುತ್ತದೆ. ಹಿಂಬದಿಗೊಂದು, ಪಕ್ಕಕ್ಕೊಂದು, ಎರಡು ಕಡೆ ಬರೆಯಬೇಕು. ನುಣ್ಣನೆಯ ಪ್ಲಾಸ್ಟಿಕ್ಕಿಗೆ ಬಣ್ಣ ಕಚ್ಚುವುದಿಲ್ಲ, ಅದಕ್ಕೆ ಮೊದಲು ಉಜ್ಜಬೇಕು. ಜಾಸ್ತಿ ಉಜ್ಜಿದರೆ ಕ್ಯಾನಿನ ಮೈ ತೆಳ್ಳಗಾಗುತ್ತದೆ. ದಿನಕ್ಕೆ ಐವತ್ತೋ ಅರವತ್ತೋ ಕ್ಯಾನು. ಲಾರಿ ಬರುವಷ್ಟರಲ್ಲಿ ಬಣ್ಣ ಒಣಗಿರಬೇಕು, ಹಾಗಾಗಿ ನಸುಕಿನಲ್ಲೇ ಏಳಬೇಕು. ಈ ಹೊತ್ತಿಗೆ ಕೂಲಿ ಇಲ್ಲ. ಬ್ರಷ್ಷೂ ಅವರದ್ದೇ, ಬಣ್ಣವೂ ಅವರದ್ದೇ.

ಡಿಪೋ ಧಣಿ ಬೇಡ ಅನ್ನಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. ಆದರೆ ಹೆಸರಿರುವ ಕ್ಯಾನೇ ಬೇಕೆಂದು ಗಿರಾಕಿಗಳು ಕೇಳತೊಡಗಿದ ಮೇಲೆ ಡಿಪೋದ ಮುಂದೆ ಒಂದು ಹೊಳೆಯುವ ಬೋರ್ಡು ಎದ್ದಿದೆ: 'ಸುರಕ್ಷತೆಯೇ ನಮ್ಮ ಸಂಪ್ರದಾಯ.' ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನುವುದು ಇದಕ್ಕೇ. ಆ ಸಂಪ್ರದಾಯ ಹಿಂಬದಿಯಲ್ಲಿ ಮಣೆ ಹಾಕಿಕೊಂಡು ಕುಳಿತಿದೆ, ಅದಕ್ಕೊಂದು ಬಲ್ಬು ಹಾಕಿಸಿಕೊಡಿ ಎಂದು ನಾನು ಧಣಿಗೆ ಹೇಳಿದೆ. ನೋಡೋಣ ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಹೀಗೆ ಓಣಿಯ ಬಹುಪಾಲು ಕ್ಯಾನುಗಳಿಗೆ ಹೆಸರು ಬಂತು. ಬಾರದೇ ಉಳಿದದ್ದು ಒಂದೇ ಕಡೆ, ತಂಗಿಯ ಕಣ್ಣು ಹೋದ ಆ ಕೊನೆಯ ಶೆಡ್ಡಿನಲ್ಲಿ. ಅವರು ಡಿಪೋದಿಂದ ತರಿಸುವುದಿಲ್ಲ. ಟ್ಯಾಂಕರಿನಲ್ಲಿ ತರಿಸಿ, ಎಲ್ಲೆಲ್ಲಿಂದಲೋ ಕೊಂಡ ಹಳೆಯ ಕ್ಯಾನುಗಳಿಗೆ ತಾವೇ ತುಂಬಿಕೊಳ್ಳುತ್ತಾರೆ. ಬರೆದುಕೊಡುತ್ತೇನೆ ಎಂದು ಹೆಸರಕ್ಕ ಅಲ್ಲಿಗೆ ಹೋಗಿ ಕೇಳಿದ್ದು ಒಂದೆರಡು ಸಲವಲ್ಲ. ಧಣಿ ಒಳಗೆ ಬಿಟ್ಟಿಲ್ಲ. ಒಮ್ಮೆ ಗೇಟಿನ ಹೊರಗೆ ಇಟ್ಟಿದ್ದ ಕ್ಯಾನುಗಳಿಗೆ ಬರೆದು ಬಂದಿದ್ದರು. ಸಂಜೆಯೊಳಗೆ ಯಾರೋ ಥಿನ್ನರ್ ಹಾಕಿ ಒರೆಸಿದ್ದರು. ಬರೆಯಲು ಖರ್ಚು ಮಾಡದವರು ಅಳಿಸಲು ಥಿನ್ನರ್ ಖರ್ಚು ಮಾಡಿದರು ನೋಡಿ!

ನಾನು ಈ ಲೇಖನಕ್ಕಾಗಿ ಓಡಾಡುತ್ತಿದ್ದ ವಾರ ಅಕ್ಕ ತಂಗಿಯರ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಒಂದು ಕೋಣೆ, ಒಂದು ಅಡಿಗೆಯ ಮೂಲೆ, ಗೋಡೆಗೆ ಒರಗಿಸಿಟ್ಟ ಮಡಚುವ ಮಂಚ. ತಂಗಿ ಸೋಮವಾರದಿಂದ ಕೆಲಸಕ್ಕೆ ವಾಪಸ್ಸು ಹೋಗುವುದೆಂದು ತೀರ್ಮಾನವಾಗಿತ್ತು. ಎಲ್ಲಿಗೆ? ಅದೇ ಶೆಡ್ಡಿಗೆ. ಉಳಿದ ಶೆಡ್ಡುಗಳವರು 'ಒಂದು ಕಣ್ಣಿನವಳು, ನಾಳೆ ಇನ್ನೊಂದು ಏನಾದ್ರೂ ಆದ್ರೆ ನಮ್ಮ ತಲೆಗೆ' ಎಂದು ಬಾಗಿಲಲ್ಲೇ ಕಳಿಸಿದ್ದರು. ಕೊನೆಯ ಶೆಡ್ಡಿನ ಧಣಿ ಮಾತ್ರ 'ಪಾಪ, ಬರಲಿ' ಎಂದರಂತೆ. ಕಣ್ಣು ತೆಗೆದುಕೊಂಡವರು ದಯೆ ತೋರಿಸಿದ್ದಾರೆ. ನಾವು ಚಪ್ಪಾಳೆ ತಟ್ಟಬೇಕು.

"ನೀನು ಅಲ್ಲಿಗೇ ಹೋಗಬೇಕಾ?" ಅಕ್ಕ ಪಾತ್ರೆ ಉಜ್ಜುತ್ತ ಕೇಳಿದರು.

"ಮತ್ತೆಲ್ಲಿಗೆ ಹೋಗ್ಲಿ? ಎಷ್ಟು ದಿನ ನಿನ್ನ ತಟ್ಟೇಲಿ ತಿನ್ಲಿ?"

"ನನ್ನ ತಟ್ಟೆ ನಿನಗೆ ಚುಚ್ಚತ್ತೇನೇ?"

"ತಟ್ಟೆ ಚುಚ್ಚಲ್ಲ ಅಕ್ಕ. ಕೂತಿರೋದು ಚುಚ್ಚತ್ತೆ. ಕೈ ಎರಡೂ ಸರಿ ಇದೆ ನಂಗೆ."

ಅಕ್ಕ ಪಾತ್ರೆಯನ್ನು ಇನ್ನೂ ಜೋರಾಗಿ ಉಜ್ಜಿದರು. ನನ್ನ ಕಡೆ ತಿರುಗಿ, "ಬೇರೆ ಏನೂ ಕೇಳಲ್ಲ ಸಾರ್. ಅವಳು ಎತ್ತೋ ಕ್ಯಾನಿನ ಮೇಲೆ ಅದರ ಹೆಸರಿರಲಿ. ಅಷ್ಟು ಸಾಕು ನಂಗೆ" ಎಂದರು. ಇಂಥ ಲೇಖನಗಳ ಕೊನೆಗೆ ನಾವು ಕೇಳುವ ಪ್ರಶ್ನೆಯೊಂದಿದೆ, ನಿಮ್ಮ ಆಸೆ ಏನು ಎಂದು. ಅದನ್ನು ಕೇಳುವ ಮೊದಲೇ ಉತ್ತರ ಬಂದಿತ್ತು. ಲೇಖನ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನಾನು ಸೋಮವಾರವೂ ಹೋದೆ.

ಸೋಮವಾರ ಶೆಡ್ಡಿನ ಗೇಟು ಆಗಷ್ಟೇ ತೆರೆದಿದೆ. ಒಳಗೆ ಕಾಸ್ಟಿಕ್ ತೊಟ್ಟಿಯಿಂದ ಹಬೆ ಏಳುತ್ತಿದೆ. ಹೆಂಗಸರು ಸೆರಗು ಬಿಗಿದು ತಂತಿ ಕಟ್ಟಲು ಕುಳಿತಿದ್ದಾರೆ. ತಂಗಿ ಒಳಗೆ ಹೋಗಿ, ಸವೆದ ರಬ್ಬರ್ ಕೈಗವಸನ್ನು ಹಾಕಿಕೊಂಡು ಅವರ ನಡುವೆ ಕೂರುತ್ತಾರೆ. ಅಕ್ಕ ಗೇಟಿನ ಹೊರಗೆ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾರೆ. ದಿನದ ಕ್ಯಾನುಗಳನ್ನು ಬೇಗ ಮುಗಿಸಿ ಬಂದಿದ್ದಾರೆ. ಗೇಟಿನಿಂದ ಒಳಗಿನದೆಲ್ಲ ಕಾಣುತ್ತದೆ. ಗೋಡೆಯ ಪಕ್ಕ ಎರಡು ನೀಲಿ ಕ್ಯಾನುಗಳಿವೆ. ಮೈಮೇಲೆ ಒಂದಕ್ಷರವೂ ಇಲ್ಲ.

ಸೂಪರ್‌ವೈಸರ್ ಅದೇ ಆಸಾಮಿ. "ತೊಟ್ಟಿ ಮಟ್ಟ ಇಳಿದಿದೆ. ಆ ಕ್ಯಾನ್ ಎತ್ತು" ಎಂದು ತಂಗಿಗೆ ಹೇಳುತ್ತಾನೆ.

ತಂಗಿ ಎದ್ದು ಕ್ಯಾನಿನ ಹತ್ತಿರ ಹೋಗುತ್ತಾರೆ. ಮುಟ್ಟುವುದಿಲ್ಲ. "ಇದರಲ್ಲಿ ಏನಿದೆ ಅಣ್ಣ?"

"ಯಾವಾಗಲೂ ಇರೋದೇ."

"ಅವತ್ತೂ ನೀವು ಹಿಂಗೇ ಅಂದಿದ್ರಿ."

ತಂತಿ ಕಟ್ಟುತ್ತಿದ್ದ ಕೈಗಳು ಒಂದೊಂದಾಗಿ ನಿಲ್ಲುತ್ತವೆ. ಸೂಪರ್‌ವೈಸರ್ ಸುತ್ತಲೂ ನೋಡುತ್ತಾನೆ, ನಗಲು ನೋಡುತ್ತಾನೆ, ಆಗುವುದಿಲ್ಲ. ತಂಗಿ ಪಕ್ಕದ ಬೋರಲು ಬಕೆಟ್ಟಿನ ಮೇಲೆ ಕುಳಿತುಬಿಡುತ್ತಾರೆ. "ಹೆಸರು ಬರೆಸಿ, ಎತ್ತೀನಿ" ಎನ್ನುತ್ತಾರೆ. ಅವನು ಇನ್ನೊಬ್ಬಳಿಗೆ ಕೂಗುತ್ತಾನೆ, ನೀನು ಎತ್ತು. ಆಕೆ ವಯಸ್ಸಾದವಳು, ತಂಗಿಯನ್ನು ಅಂದು ಹೊತ್ತುಕೊಂಡವರಲ್ಲಿ ಒಬ್ಬಳು. ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ನಂಗೆ ಎರಡು ಕಣ್ಣಿದೆಯಪ್ಪ, ಎರಡೂ ಬೇಕು" ಎನ್ನುತ್ತಾಳೆ.

ಫೋನು ಹೋಗುತ್ತದೆ. ಧಣಿಯ ಬೈಗುಳ ಗೇಟಿನವರೆಗೂ ಕೇಳಿಸುತ್ತದೆ. ಆದರೆ ತೊಟ್ಟಿ ಕಾಯುತ್ತಿದೆ, ಬೋಲ್ಟುಗಳ ಲಾರಿ ಮಧ್ಯಾಹ್ನಕ್ಕೆ ಹೊರಡಬೇಕು, ಕೈಗಳೆಲ್ಲ ಮಡಿಲಲ್ಲಿವೆ. ಕೊನೆಗೆ ಸೂಪರ್‌ವೈಸರ್ ಗೇಟಿಗೆ ಬಂದು, ನನ್ನ ಕಡೆ ನೋಡದೆ, "ಬಾ ಅಕ್ಕ, ಏನೋ ಒಂದು ಗೀಚಿ ಹೋಗು" ಎನ್ನುತ್ತಾನೆ.

"ಏನೋ ಒಂದು ಗೀಚಲ್ಲ. ಒಳಗೆ ಏನಿದೆ ಹೇಳಿ, ಬರೀತೀನಿ."

ಅವನು ಗೇಟು ತೆಗೆದು ಕ್ಯಾನುಗಳ ಕಡೆ ಕೈ ತೋರಿಸುತ್ತಾನೆ. ಹೆಸರಕ್ಕ ಕೈಗವಸು ಹಾಕಿಕೊಂಡು, ಮೇಷ್ಟ್ರು ಕೊಟ್ಟ ಗಾಜಿನ ಕಡ್ಡಿಯನ್ನು ಮೊದಲ ಕ್ಯಾನಿಗೆ ಇಳಿಸಿ, ಒಂದು ಹನಿಯನ್ನು ನೀಲಿ ಲಿಟ್ಮಸ್ ಕಾಗದಕ್ಕೆ ತಾಗಿಸುತ್ತಾರೆ. ಕೆಂಪಾಗುತ್ತದೆ. ಕಡ್ಡಿ ತೊಳೆದು ಎರಡನೆಯದಕ್ಕೆ ಇಳಿಸುತ್ತಾರೆ. ಈ ಸಲ ಕೆಂಪು ಕಾಗದ ನೀಲಿಯಾಗುತ್ತದೆ.

ಒಂದೇ ಬಣ್ಣದ, ಒಂದೇ ಅಳತೆಯ, ಭುಜಕ್ಕೆ ಭುಜ ತಾಗಿಸಿ ಇಟ್ಟ ಎರಡು ಕ್ಯಾನುಗಳು. ಒಂದರಲ್ಲಿ ಆಮ್ಲ, ಇನ್ನೊಂದರಲ್ಲಿ ಪ್ರತ್ಯಾಮ್ಲ. ಒಬ್ಬಳ ಕಣ್ಣು ಹೋಗಿ ಎರಡು ವರ್ಷವಾದ ಮೇಲೆ, ಅದೇ ತೊಟ್ಟಿಯ ಪಕ್ಕದಲ್ಲಿ! ನನಗೆ ಬೈಯಲು ನಾಲಿಗೆ ತುದಿಗೆ ಬಂದದ್ದನ್ನು ಪತ್ರಿಕೆಯಲ್ಲಿ ಅಚ್ಚು ಮಾಡಲಾಗದು.

"ಈಗ ಬರಿ ಮತ್ತೆ" ಎನ್ನುತ್ತಾನೆ ಸೂಪರ್‌ವೈಸರ್. ದನಿ ಇಳಿದಿದೆ.

"ಕಾಗದ ಕುಲ ಹೇಳತ್ತೆ, ಹೆಸರು ಹೇಳಲ್ಲ. ಟ್ಯಾಂಕರಿನವರಿಗೆ ಫೋನ್ ಮಾಡಿ ಕೇಳಿ. ಸಾವಕಾಶ, ನಾನು ಇಲ್ಲೇ ಇರ್ತೀನಿ."

ಅವನು ಫೋನು ಮಾಡುತ್ತಾನೆ. ಆ ಕಡೆಯವರು ಹೇಳಿದ್ದನ್ನು ಮಗ್ಗಿ ಒಪ್ಪಿಸುವವನಂತೆ ಗಟ್ಟಿಯಾಗಿ ತಿರುಗಿ ಹೇಳುತ್ತಾನೆ. ಹೆಸರಕ್ಕ ಮಣೆಯಿಲ್ಲದೆ ನೆಲದ ಮೇಲೇ ಕುಳಿತು, ಉಜ್ಜಿ, ಒರೆಸಿ, ಬರೆಯುತ್ತಾರೆ. ಬಾಯಿಯ ಮಗ್ಗುಲು ಬಿಟ್ಟು, ಹಿಂದೆ ಒಂದು, ಪಕ್ಕಕ್ಕೆ ಒಂದು.

ಬರೆದಾದ ಮೇಲೆ ಎಂದಿನಂತೆ ಎದ್ದು ಹಿಂದೆ ಹೋಗಬೇಕಿತ್ತು. ಈ ಸಲ ಕುಳಿತಲ್ಲೇ ಇರುತ್ತಾರೆ. ತಂಗಿಯೇ ಎದ್ದು, ತೊಟ್ಟಿ ದಾಟಿ, ಶೆಡ್ಡಿನ ಆಚೆ ಗೋಡೆಯ ತನಕ ಹೋಗಿ, ಹಬೆಯ ಆ ಬದಿಯಲ್ಲಿ ತಿರುಗಿ ನಿಲ್ಲುತ್ತಾರೆ.

"ಕಾಣತ್ತೇನೇ?" ಅಕ್ಕ ಕೂಗುತ್ತಾರೆ.

ತಂಗಿ ಓದುತ್ತಾರೆ, ಶೆಡ್ಡಿಗೆಲ್ಲ ಕೇಳುವಂತೆ. "ಆ ಕಡೇದು ಹೈಡ್ರೋಕ್ಲೋರಿಕ್ ಆಮ್ಲ. ಈ ಕಡೇ ಇರೋದು ಸೋಡಿಯಂ ಹೈಡ್ರಾಕ್ಸೈಡ್." ಆಮೇಲೆ ಅಕ್ಕನ ಕಡೆ ನೋಡಿ, "ಚೆನ್ನಾಗಿ ಕಾಣತ್ತೆ ಅಕ್ಕ."

ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. "ಆಯ್ತಲ್ಲ, ಎತ್ತಲಿ ಇನ್ನ" ಎಂದು ಕ್ಯಾನಿನ ಕಡೆ ಕೈ ಚಾಚುತ್ತಾನೆ. ಹೆಸರಕ್ಕ ಬ್ರಷ್ಷನ್ನು ಅಡ್ಡ ಹಿಡಿಯುತ್ತಾರೆ.

"ಇನ್ನೂ ಹಸಿ ಇದೆ. ಒಣಗಲಿ. ಅಲ್ಲೀವರೆಗೂ ಯಾರೂ ಎತ್ತಲ್ಲ."